ಬಂಗಾಳವನ್ನು ಮಣಿಸಿದ ಮೈಸೂರು: ಸಂತೋಷ್ ಟ್ರೋಫಿಯಲ್ಲಿ ಕನ್ನಡ ನಾಡು

ಸಂತೋಷ್ ಟ್ರೋಫಿ ಭಾರತದ ರಾಜ್ಯಗಳ ನಡುವೆ ನಡೆಯುವ ಫುಟ್‌ಬಾಲ್ ಚಾಂಪಿಯನ್‌ಶಿಪ್. 1941ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಈ ಪಂದ್ಯಾವಳಿಯನ್ನು ಕನ್ನಡ ನಾಡಿನ ತಂಡ ಐದು ಸಲ ಗೆದ್ದಿದೆ. ಮೊದಲ ನಾಲ್ಕು ಗೆಲುವು ಬಂದದ್ದು ಮೈಸೂರು ಎಂಬ ಹೆಸರಿನಲ್ಲಿ, ಮತ್ತು ನಾಲ್ಕೂ ಫೈನಲ್‌ಗಳಲ್ಲಿ ಎದುರಿಗಿದ್ದದ್ದು ಒಂದೇ ತಂಡ, ಬಂಗಾಳ. ಕರ್ನಾಟಕ ಎಂಬ ಹೆಸರಿನಲ್ಲಿ ಕಪ್ ಕೈಗೆ ಬರಲು 2023ರವರೆಗೆ ಕಾಯಬೇಕಾಯಿತು.

ಕಪ್ಪಿನ ಹುಟ್ಟು

ಭಾರತದಲ್ಲಿ ಫುಟ್‌ಬಾಲ್ ಕಪ್‌ಗಳಿಗೆ ಬರವಿರಲಿಲ್ಲ. ಸಿಮ್ಲಾದಲ್ಲಿ 1888ರಲ್ಲಿ ಡ್ಯುರಾಂಡ್ ಕಪ್, ಬಾಂಬೆಯಲ್ಲಿ 1891ರಲ್ಲಿ ರೋವರ್ಸ್ ಕಪ್, ಕಲ್ಕತ್ತೆಯಲ್ಲಿ 1893ರಲ್ಲಿ ಐಎಫ್‌ಎ ಶೀಲ್ಡ್ ಶುರುವಾಗಿದ್ದವು. ಇವೆಲ್ಲ ಸೇನೆಯ ರೆಜಿಮೆಂಟುಗಳೂ ಕ್ಲಬ್‌ಗಳೂ ಆಡುವ ಪಂದ್ಯಾವಳಿಗಳು. ಒಂದು ಪ್ರಾಂತ್ಯ ಇನ್ನೊಂದು ಪ್ರಾಂತ್ಯದ ವಿರುದ್ಧ ಆಡುವ ರಾಷ್ಟ್ರೀಯ ಸ್ಪರ್ಧೆ ಇರಲಿಲ್ಲ. ಪ್ರಾಂತ್ಯಗಳ ಸಂಸ್ಥೆಗಳು ಸೇರಿ 1937ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕಟ್ಟಿಕೊಂಡ ಮೇಲೆ ಅಂಥ ಸ್ಪರ್ಧೆಗೆ ದಾರಿಯಾಯಿತು.

ಕಪ್ ಕೊಟ್ಟದ್ದು ಬಂಗಾಳದ ಆಟವನ್ನು ನಡೆಸುತ್ತಿದ್ದ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್. ಅದರ ಅಧ್ಯಕ್ಷರಾಗಿದ್ದ ಸರ್ ಮನ್ಮಥನಾಥ ರಾಯ್ ಚೌಧುರಿ 1939ರಲ್ಲಿ ತೀರಿಕೊಂಡಿದ್ದರು. ಅವರು ಸಂತೋಷ್ ಎಂಬ ಜಮೀನ್ದಾರಿಯ ಮಹಾರಾಜರು. ಆ ಊರು ಈಗ ಬಾಂಗ್ಲಾದೇಶದ ಟಾಂಗೈಲ್ ಜಿಲ್ಲೆಯಲ್ಲಿದೆ. ಕಪ್ಪಿಗೆ ಅಂಟಿದ್ದು ಆ ಊರಿನ ಹೆಸರು. ಎರಡನೇ ಸ್ಥಾನದ ತಂಡಕ್ಕೆ ಕಮಲಾ ಗುಪ್ತಾ ಟ್ರೋಫಿ, ಮೂರನೇ ಸ್ಥಾನಕ್ಕೆ ಸಂಪಂಗಿ ಕಪ್ ಎಂದು ಗೊತ್ತಾಯಿತು. ಸಂಪಂಗಿ ಮೈಸೂರಿನ ಹೆಸರಾಂತ ಆಟಗಾರ. ಅವರ ನೆನಪಿಗೆ ಈ ಕಪ್ಪನ್ನು ಮೈಸೂರು ಫುಟ್‌ಬಾಲ್ ಸಂಸ್ಥೆಯೇ ಕೊಟ್ಟಿತು.

ನೆರೆಹೊರೆಯವರ ಪೈಪೋಟಿಯಿಂದ ದೊಡ್ಡ ಪಂದ್ಯಾವಳಿ ಹುಟ್ಟುವುದು ಹೊಸದೇನಲ್ಲ. ದಕ್ಷಿಣ ಅಮೆರಿಕದ ಚಾಂಪಿಯನ್‌ಶಿಪ್, ಅಂದರೆ ಇಂದಿನ ಕೋಪಾ ಅಮೆರಿಕ, ಅರ್ಜೆಂಟೀನಾದ ಸ್ವಾತಂತ್ರ್ಯದ ಶತಮಾನೋತ್ಸವದ ನೆಪದಲ್ಲಿ 1916ರ ಜುಲೈಯಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಶುರುವಾಯಿತು. ಅರ್ಜೆಂಟೀನಾ, ಉರುಗ್ವೆ, ಬ್ರೆಜಿಲ್, ಚಿಲಿ ತಂಡಗಳು ಒಬ್ಬೊಬ್ಬರ ವಿರುದ್ಧವೂ ಒಮ್ಮೆ ಆಡಿದವು. ಒಟ್ಟು ಆರೇ ಪಂದ್ಯ. ಹೆಚ್ಚು ಅಂಕ ಗಳಿಸಿದ ಉರುಗ್ವೆ ಚಾಂಪಿಯನ್ ಆಯಿತು. ಆ ಪಂದ್ಯಗಳು ನಡೆಯುತ್ತಿದ್ದಾಗಲೇ ಖಂಡದ ಫುಟ್‌ಬಾಲ್ ಒಕ್ಕೂಟವೂ ಹುಟ್ಟಿತು. ಮೊದಲ ಹತ್ತು ಆವೃತ್ತಿಗಳಲ್ಲಿ ಆರನ್ನು ಗೆದ್ದದ್ದು ಉರುಗ್ವೆ ಎಂಬ ಪುಟ್ಟ ದೇಶ. ಸಂತೋಷ್ ಟ್ರೋಫಿಯಲ್ಲೂ ಒಂದೇ ತಂಡ ಮೇಲುಗೈ ಸಾಧಿಸಿತು. ಆದರೆ ಇಲ್ಲಿ ಆ ತಂಡ ಕಲ್ಕತ್ತೆಯ ಶ್ರೀಮಂತ ಕ್ಲಬ್‌ಗಳ ಬೆಂಬಲವಿದ್ದ ಬಂಗಾಳ. 1941–42ರ ಮೊದಲ ಫೈನಲ್‌ನಲ್ಲಿ ಅದು ದೆಹಲಿಯನ್ನು 5–1ರಿಂದ ಸೋಲಿಸಿತು. ಈವರೆಗೆ 33 ಸಲ ಕಪ್ ಗೆದ್ದಿದೆ.

ದಂಡಿನ ಊರಿನ ಆಟ

ಬಂಗಾಳಕ್ಕೆ ಸವಾಲೊಡ್ಡುವ ಶಕ್ತಿ ಮೈಸೂರಿಗೆ ಬಂದದ್ದು ಅರಮನೆಯ ಊರಿನಿಂದಲ್ಲ, ಬೆಂಗಳೂರಿನ ದಂಡು ಪ್ರದೇಶದಿಂದ. ಬ್ರಿಟಿಷರು 1809ರಲ್ಲಿ ಅಲ್ಲಿ ಸೇನೆಯನ್ನು ನೆಲೆಗೊಳಿಸಿದ ಮೇಲೆ ಪೆರೇಡ್ ಮೈದಾನಗಳು ಬಂದವು. ಸೈನಿಕರ ಜೊತೆ ಅವರ ಆಟಗಳೂ ಬಂದವು. ದಂಡಿನ ಸುತ್ತ ಬೆಳೆದ ಹಲಸೂರು, ಗೌತಮಪುರ, ಆಸ್ಟಿನ್ ಟೌನ್‌ನಂಥ ಬಡಾವಣೆಗಳ ಹುಡುಗರು ಆ ಆಟ ನೋಡಿ ಕಲಿತರು. ಬೂಟು ಕೊಳ್ಳಲು ಕಾಸಿಲ್ಲದವರು ಬರಿಗಾಲಲ್ಲೇ ಆಡಿದರು. ಗೌತಮಪುರದವರಿಗೆ ಈ ಆಟದ ಮೇಲೆ ಎಷ್ಟು ಪ್ರೀತಿ ಎಂದರೆ, ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆಗೆ ಬ್ರೆಜಿಲ್‌ನ ಪೆಲೆಗೂ ಪ್ರತಿಮೆಯಿದೆ.

ಈ ಊರಿನ ಆಟದ ತಾಕತ್ತು ಸಂತೋಷ್ ಟ್ರೋಫಿ ಹುಟ್ಟುವ ಮೊದಲೇ ದೇಶಕ್ಕೆ ಗೊತ್ತಾಗಿತ್ತು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಸೇನಾ ತಂಡಗಳ ಸ್ವತ್ತಿನಂತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷ, 1938ರಲ್ಲಿ, ಮತ್ತೆ ಗೆದ್ದಿತು. 1948ರಲ್ಲಿ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಮೂರನೆಯ ಸಲ ಕಪ್ ತಂದಿತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಇನ್ನೊಂದು ಆಸರೆ ಸಿಕ್ಕಿತು. ಎಚ್‌ಎಎಲ್ 1940ರಲ್ಲಿ, ಐಟಿಐ 1948ರಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿದವು. ಮುಂದೆ ಇಂಥ ಕಾರ್ಖಾನೆಗಳು ತಮ್ಮದೇ ಫುಟ್‌ಬಾಲ್ ತಂಡ ಕಟ್ಟಿ ಒಳ್ಳೆಯ ಆಟಗಾರರಿಗೆ ನೌಕರಿ ಕೊಟ್ಟವು. ಮದ್ರಾಸ್ ಎಂಜಿನಿಯರ್ ಗ್ರೂಪ್, ಆರ್ಮಿ ಸರ್ವಿಸ್ ಕೋರ್‌ನಂಥ ಸೇನಾ ತಂಡಗಳೂ ಊರಲ್ಲೇ ಇದ್ದವು. ಬೆಳಿಗ್ಗೆ ಕಾರ್ಖಾನೆ, ಸಂಜೆ ಮೈದಾನ ಎಂಬ ಬದುಕು ಒಂದು ತಲೆಮಾರಿನ ಆಟಗಾರರನ್ನು ಸಾಕಿತು.

ನಾಲ್ಕು ಗೆಲುವುಗಳು

ಮೊದಲ ಗೆಲುವು 1946–47ರದು. ಪಂದ್ಯಾವಳಿ ಬೆಂಗಳೂರಿನಲ್ಲೇ ನಡೆಯಿತು. ಬಂಗಾಳದ ವಿರುದ್ಧದ ಫೈನಲ್ ಗೋಲಿಲ್ಲದೆ ಮುಗಿಯಿತು. ಸಮವಾದ ಪಂದ್ಯವನ್ನು ಪೆನಾಲ್ಟಿ ಒದೆತಗಳಿಂದ ತೀರ್ಮಾನಿಸುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ಇನ್ನೊಮ್ಮೆ ಆಡುವುದೇ ನಿಯಮ. ಮರುಪಂದ್ಯದಲ್ಲಿ ಮೈಸೂರು 2–1ರಿಂದ ಗೆದ್ದಿತು.

ಎರಡನೆಯ ಗೆಲುವು 1952–53ರಲ್ಲಿ, ಅದೂ ಬೆಂಗಳೂರಿನಲ್ಲೇ. ಆ ವರ್ಷದ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೋಸ್ಲಾವಿಯದ ಎದುರು 1–10ರಿಂದ ಸೋತಿತ್ತು. ಚಳಿಯಲ್ಲಿ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಆಡಿದರೆ ಆಗುವ ಪಾಡನ್ನು ಕಂಡ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. ಆಟದ ರೀತಿ ಹೀಗೆ ಬದಲಾಗುತ್ತಿದ್ದ ಹೊತ್ತಿನಲ್ಲಿ ಮೈಸೂರು ಒಂದೇ ಗೋಲಿನಿಂದ ಬಂಗಾಳವನ್ನು ಮಣಿಸಿತು. ಮರುವರ್ಷ ಕಲ್ಕತ್ತೆಯಲ್ಲಿ ಬಂಗಾಳ ಮುಯ್ಯಿ ತೀರಿಸಿಕೊಂಡಿತು: ಮೊದಲ ಫೈನಲ್ 0–0, ಮರುಪಂದ್ಯ 3–1. ಎರ್ನಾಕುಲಂನಲ್ಲಿ 1955–56ರಲ್ಲಿ, ಬೆಂಗಳೂರಿನಲ್ಲಿ 1962–63ರಲ್ಲಿ ನಡೆದ ಫೈನಲ್‌ಗಳೂ ಬಂಗಾಳದ ಪಾಲಾದವು.

ಮೂರನೆಯ ಗೆಲುವು ತವರಿನಿಂದ ದೂರದಲ್ಲಿ ಬಂತು. 1967–68ರಲ್ಲಿ ಕಟಕ್‌ನಲ್ಲಿ ಮೈಸೂರು ಬಂಗಾಳವನ್ನು 1–0ರಿಂದ ಸೋಲಿಸಿತು. 1968–69ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಅದೇ ಎದುರಾಳಿ. ಮೊದಲ ಪಂದ್ಯ 0–0, ಮರುಪಂದ್ಯ 1–0. ಬಂಗಾಳ ಮತ್ತು ಹೈದರಾಬಾದ್ ಬಿಟ್ಟರೆ ಸತತ ಎರಡು ವರ್ಷ ಕಪ್ ಗೆದ್ದ ತಂಡ ಅಲ್ಲಿಯವರೆಗೆ ಬೇರೊಂದಿರಲಿಲ್ಲ. ಈ ನಾಲ್ಕು ಫೈನಲ್‌ಗಳ ಮರುಪಂದ್ಯಗಳನ್ನೂ ಸೇರಿಸಿ ಎಣಿಸಿದರೆ ಆರು ಪಂದ್ಯ. ಆ ಆರರಲ್ಲಿ ಬಂಗಾಳಕ್ಕೆ ದಕ್ಕಿದ್ದು ಒಂದೇ ಗೋಲು. ಮೈಸೂರಿನ ಬಲ ರಕ್ಷಣೆಯಲ್ಲಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಲ್ಕತ್ತೆಯ ಸೆಳೆತ

ಆಟಗಾರ ಯಾವ ಸಂಸ್ಥೆಯ ವ್ಯಾಪ್ತಿಯ ಕ್ಲಬ್‌ನಲ್ಲಿ ಆಡುತ್ತಾನೋ ಆ ರಾಜ್ಯದ ಪರವಾಗಿ ಸಂತೋಷ್ ಟ್ರೋಫಿಯಲ್ಲಿ ಇಳಿಯುವುದು ವಾಡಿಕೆ. ಹುಟ್ಟಿದ ಊರು ಲೆಕ್ಕಕ್ಕೆ ಬರುವುದಿಲ್ಲ. ಇದರಿಂದ ಮೈಸೂರಿಗೆ ನಷ್ಟವೇ ಹೆಚ್ಚು. ಬೆಂಗಳೂರಿನಲ್ಲಿ ಹೆಸರು ಮಾಡಿದವರನ್ನು ಕಲ್ಕತ್ತೆಯ ಕ್ಲಬ್‌ಗಳು ಕರೆದೊಯ್ಯುತ್ತಿದ್ದವು. ಈಸ್ಟ್ ಬೆಂಗಾಲ್ ತಂಡದಲ್ಲಿ ‘ಪಂಚ ಪಾಂಡವರು’ ಎನಿಸಿಕೊಂಡ ಐವರು ಮುಂಪಡೆಯ ಆಟಗಾರರಲ್ಲಿ ಅಹಮದ್ ಖಾನ್ ಮತ್ತು ಧನರಾಜ್ ಬೆಂಗಳೂರಿನವರು. ಬಂಗಾಳದ ಬಲದಲ್ಲಿ ಬೆಂಗಳೂರಿನ ಪಾಲೂ ಇತ್ತು.

ಇವರಿಬ್ಬರೂ 1948ರ ಲಂಡನ್ ಒಲಿಂಪಿಕ್ಸ್ ತಂಡದಲ್ಲಿದ್ದರು. ಅಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತಿತು. ಭಾರತದ ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು. ಮೆಲ್ಬರ್ನ್‌ನಲ್ಲಿ 1956ರಲ್ಲಿ ನಾಲ್ಕನೇ ಸ್ಥಾನ ಪಡೆದ ಭಾರತ ತಂಡದಲ್ಲಿ ಇದೇ ನಾಡಿನ ಎಂ. ಕೆಂಪಯ್ಯ ಇದ್ದರು. 1960ರ ರೋಮ್ ಒಲಿಂಪಿಕ್ಸ್‌ಗೂ ಅವರು ಹೋದರು.

ಗೋಕಾಕ, ಹುಕ್ಕೇರಿಗೆ ಯಾವ ಕಪ್?

ಮೈಸೂರಿನ ನಾಲ್ಕು ಗೆಲುವುಗಳ ನಡುವೆ ರಾಜ್ಯದ ಗಡಿಯೇ ಬದಲಾಯಿತು. 1946 ಮತ್ತು 1952ರಲ್ಲಿ ಮೈಸೂರು ಎಂದರೆ ಹಳೆಯ ಸಂಸ್ಥಾನದ ಸೀಮೆ ಮಾತ್ರ. ಗೋಕಾಕ, ಹುಕ್ಕೇರಿ, ಆಗ ಗೋಕಾಕ ತಾಲ್ಲೂಕಿನಲ್ಲೇ ಇದ್ದ ಮೂಡಲಗಿ, ಹೀಗೆ ಇಡೀ ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. 1954–55ರಲ್ಲಿ ಮದ್ರಾಸಿನ ಫೈನಲ್‌ನಲ್ಲಿ ಬಾಂಬೆ ತಂಡ ಸೇನಾಪಡೆಗಳ ತಂಡವಾದ ಸರ್ವಿಸಸ್ ಅನ್ನು 2–1ರಿಂದ ಸೋಲಿಸಿದಾಗ ಕಪ್ ಹೋದದ್ದು ಈ ಊರುಗಳಿದ್ದ ರಾಜ್ಯಕ್ಕೇ. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದ ಮೇಲೆ ಚಿತ್ರ ಬದಲಾಯಿತು. 1967 ಮತ್ತು 1968ರ ಕಪ್‌ಗಳು ಬೀದರಿನಿಂದ ಚಾಮರಾಜನಗರದವರೆಗಿನ ರಾಜ್ಯದ ಕಪ್‌ಗಳು.

ನಕ್ಷೆ ಒಂದಾದರೂ ಮೈದಾನ ಒಂದಾಗುವುದು ಅಷ್ಟು ಸುಲಭವಿರಲಿಲ್ಲ. ರಾಜ್ಯದ ಫುಟ್‌ಬಾಲ್ ಬೆಂಗಳೂರಿನ ಲೀಗ್ ಮತ್ತು ಅಲ್ಲಿನ ಕಾರ್ಖಾನೆ ತಂಡಗಳ ಸುತ್ತ ಬೆಳೆದಿತ್ತು. ಗೋಕಾಕದಿಂದ ಬೆಂಗಳೂರು ಸುಮಾರು 500 ಕಿಲೋಮೀಟರ್ ದೂರ. ಬೆಳಗಾವಿಯೂ ದಂಡಿನ ಊರೇ. ಮರಾಠಾ ಲಘು ಪದಾತಿ ದಳದ ಕೇಂದ್ರ ಅಲ್ಲಿದೆ, ಫುಟ್‌ಬಾಲ್‌ನ ಒಲವೂ ಇದೆ. ಆದರೆ ಘಟಪ್ರಭೆಯ ದಂಡೆಯ ಹಳ್ಳಿಗಳಲ್ಲಿ ಹುಡುಗರ ಕಸುವು ಹೆಚ್ಚಾಗಿ ಗರಡಿಮನೆಗೆ, ಜಾತ್ರೆಯ ಕುಸ್ತಿಗೆ, ಕಬಡ್ಡಿಗೆ ಹರಿಯಿತು.

ಕರ್ನಾಟಕದ ಹೆಸರಿನಲ್ಲಿ

ಮೈಸೂರು ತಂಡದ ಕೊನೆಯ ಫೈನಲ್ 1970–71ರಲ್ಲಿ ಜಲಂಧರ್‌ನಲ್ಲಿ. ಮೊದಲು 1–1, ಮರುಪಂದ್ಯದಲ್ಲಿ ಪಂಜಾಬಿಗೆ 3–1ರ ಗೆಲುವು. ರಾಜ್ಯದ ಹೆಸರು 1973ರಲ್ಲಿ ಬದಲಾಯಿತು. 1975–76ರಲ್ಲಿ ಕೋಯಿಕ್ಕೋಡ್‌ನಲ್ಲಿ ಕರ್ನಾಟಕ ಫೈನಲ್ ತಲುಪಿ ಬಂಗಾಳಕ್ಕೆ ಸೋತಿತು. ಆದರೂ ಬೆಂಗಳೂರಿನ ಕ್ಲಬ್‌ಗಳು ಕುಂದಿರಲಿಲ್ಲ. 1977ರಲ್ಲಿ ನಡೆದ ಮೊಟ್ಟಮೊದಲ ಫೆಡರೇಷನ್ ಕಪ್ಪನ್ನು ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಗೆದ್ದದ್ದು ಐಟಿಐ.

1996ರಲ್ಲಿ ರಾಷ್ಟ್ರೀಯ ಲೀಗ್ ಬಂದ ಮೇಲೆ ದೇಶದ ಗಮನ ಕ್ಲಬ್‌ಗಳ ಕಡೆ ಸರಿಯಿತು. ದೊಡ್ಡ ಆಟಗಾರರು ರಾಜ್ಯ ತಂಡಗಳಿಂದ ದೂರವಾದರು. ಬೆಂಗಳೂರಿನಲ್ಲೂ ಅದೇ ಕಥೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಸಂತೋಷ್ ಟ್ರೋಫಿ ಎಳೆಯರು ತಮ್ಮನ್ನು ತೋರಿಸಿಕೊಳ್ಳುವ ವೇದಿಕೆಯಾಯಿತು.

ಅಂಥ ಎಳೆಯರೇ 2023ರಲ್ಲಿ ಬರ ನೀಗಿಸಿದರು. ಆ ಸಲ ಸೆಮಿಫೈನಲ್ ಮತ್ತು ಫೈನಲ್ ಸೌದಿ ಅರೇಬಿಯದ ರಿಯಾದ್‌ನಲ್ಲಿ ನಡೆದವು. ಸಂತೋಷ್ ಟ್ರೋಫಿ ದೇಶದ ಹೊರಗೆ ಹೋದದ್ದು ಅದೇ ಮೊದಲು. ಸೆಮಿಫೈನಲ್‌ನಲ್ಲಿ ಸರ್ವಿಸಸ್ ವಿರುದ್ಧ 3–1ರಿಂದ ಗೆದ್ದ ಕರ್ನಾಟಕ, ಮಾರ್ಚ್ 4ರ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿತು. ಸುನಿಲ್ ಕುಮಾರ್, ಬೇಕಿ ಓರಾಮ್, ರಾಬಿನ್ ಯಾದವ್ ಒಂದೊಂದು ಗೋಲು ಹೊಡೆದರು. ಹಿಂದಿನ ಗೆಲುವಿಗೂ ಇದಕ್ಕೂ ನಡುವೆ 54 ವರ್ಷ ಕಳೆದಿದ್ದವು.

ಐದು ಕಪ್‌ಗಳ ಈ ಲೆಕ್ಕ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಮೈದಾನ, ಲೀಗ್, ನೌಕರಿ ಈ ಮೂರೂ ಒಂದೇ ಕಡೆ ಸಿಕ್ಕಾಗ ಬೆಂಗಳೂರಿನ ಕೆಲವೇ ಬಡಾವಣೆಗಳು ಬಂಗಾಳವನ್ನೇ ಸೋಲಿಸುವ ತಂಡ ಕೊಟ್ಟವು. ಅವು ಸಡಿಲವಾದಾಗ ಅರ್ಧ ಶತಮಾನ ಕಪ್ ಬರಲಿಲ್ಲ. ಆರನೆಯ ಕಪ್ ಬೇಗ ಬರಬೇಕಾದರೆ ಆ ಮೂರೂ ಬೆಂಗಳೂರು ದಾಟಿ ಜಿಲ್ಲೆಗಳಿಗೆ, ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ತಾಲ್ಲೂಕುಗಳ ಶಾಲೆ ಕಾಲೇಜುಗಳ ಮೈದಾನಗಳಿಗೂ ತಲುಪಬೇಕು.