ಬಿ.ಪಿ. ಇಳಿದಾಗ ಎಕೋ ಹೇಳುವುದು

ಬೆಳಗಾವಿಯ ದೊಡ್ಡ ಆಸ್ಪತ್ರೆಗಳಲ್ಲಿ ವಯಸ್ಸಾದವರಿಗೆ ಆಪರೇಷನ್ ಗೊತ್ತಾದರೆ, ‘ಮೊದಲ ಎಕೋ ಮಾಡಿಸ್ಕೊಂಡ ಬರ್ರಿ’ ಎನ್ನುತ್ತಾರೆ. ಖರ್ಚಿಗೆ ಇನ್ನೊಂದು ಚೀಟಿ ಎಂದುಕೊಳ್ಳುವವರೇ ಹೆಚ್ಚು. ಆದರೆ ಕಿವಿಗೆ ಕೇಳದ ಧ್ವನಿಯ ಪ್ರತಿಧ್ವನಿಯಿಂದ ಹೃದಯವನ್ನು ನೋಡುವ ಈ ಪರೀಕ್ಷೆ ಹುಟ್ಟಿದ್ದೇ ಆಪರೇಷನ್ನಿನ ಪ್ರಶ್ನೆಯಿಂದ.

ಸ್ವೀಡನ್ನಿನ ಲುಂಡ್‌ನ ಹೃದಯವೈದ್ಯ ಇಂಗೆ ಎಡ್ಲರ್‌ಗೆ ಒಂದು ಸಂಕಟವಿತ್ತು. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಕಿರಿದಾಗಿದ್ದರೆ ಶಸ್ತ್ರವೈದ್ಯರು ಬಿಡಿಸಬಲ್ಲರು. ಸೋರುತ್ತಿದ್ದರೆ ಅದೇ ಚಿಕಿತ್ಸೆ ಇನ್ನಷ್ಟು ಸೋರಿಸೀತು. ಎದೆ ಕೊಯ್ಯುವ ಮುಂಚೆ ತಿಳಿಯುವುದು ಹೇಗೆ? ಅವರಿಗೆ ಜೊತೆಯಾದ ಭೌತವಿಜ್ಞಾನಿ ಹೆಲ್ಮುಟ್ ಹರ್ಟ್ಸ್ ಮಾಲ್ಮೊದ ಹಡಗು ಕಟ್ಟುವ ಕಾರ್ಖಾನೆಗೆ ಹೋಗಿ, ಪ್ರತಿಧ್ವನಿಯಿಂದ ಉಕ್ಕಿನ ಬಿರುಕು ಹುಡುಕುವ ಯಂತ್ರವನ್ನು ತಮ್ಮ ಎದೆಗೇ ಹಿಡಿದು ನೋಡಿದರು. 1953ರ ಅಕ್ಟೋಬರ್ 29ರಂದು ಇಬ್ಬರೂ ಮಿಡಿಯುವ ಹೃದಯದ ಪ್ರತಿಧ್ವನಿ ದಾಖಲಿಸಿದರು.

ಹೃದಯದ ಬೆನ್ನಿಗೇ ಅನ್ನನಾಳ ಇಳಿಯುತ್ತದೆ. 1976ರಲ್ಲಿ ಷಿಕಾಗೊದ ಲೀ ಫ್ರೇಜಿನ್ ತಂಡ ಆ ದಾರಿಯಲ್ಲಿ ಎಕೋ ಸಲಕರಣೆ ಇಳಿಸಿ ಹೃದಯವನ್ನು ಹಿಂದಿನಿಂದ ನೋಡಿತು. ಮುಂದಿನ ದಶಕದಲ್ಲಿ ಬಾಗುವ ಕೊಳವೆ ಬಂದು, ರಿಪೇರಿಯಾದ ಕವಾಟ ಸೋರುತ್ತಿದೆಯೇ ಎಂಬುದು ಎದೆ ಮುಚ್ಚುವ ಮೊದಲೇ ಗೊತ್ತಾಗತೊಡಗಿತು.

ನನ್ನ ಮಟ್ಟಿಗೆ ದೊಡ್ಡ ತಿರುವೆಂದರೆ ಈ ಸಲಕರಣೆ ಅರಿವಳಿಕೆ ವೈದ್ಯರ ಕೈಗೆ ಬಂದದ್ದು. ಟೇಬಲ್ ಮೇಲಿನ ರೋಗಿಯ ಬಿ.ಪಿ. ಇದ್ದಕ್ಕಿದ್ದಂತೆ ಇಳಿಯುತ್ತದೆ. ರಕ್ತ ಕಮ್ಮಿಯಾಗಿ ಹೃದಯ ಬರಿದಾಗಿದ್ದರೆ ಸಲೈನ್ ಬೇಕು. ಹೃದಯದ ಸ್ನಾಯುವೇ ಸೋತಿದ್ದರೆ ಹೆಚ್ಚಿನ ಸಲೈನ್ ಶ್ವಾಸಕೋಶದಲ್ಲಿ ತುಂಬಿಕೊಂಡೀತು. ಅಲ್ಲಿ ಬಡಿತಕ್ಕೆ ಬಲ ಕೊಡುವ ಔಷಧ ಬೇಕು. ಇನ್ನು ಕೆಲವರಲ್ಲಿ ದಪ್ಪಗಾದ ಸ್ನಾಯು ರಕ್ತ ಹೊರಡುವ ಬಾಯನ್ನೇ ಅಡ್ಡಗಟ್ಟಿರುತ್ತದೆ. ಅವರಿಗೆ ಆ ಬಲದ ಔಷಧವೇ ಕುತ್ತು. ಮಾನಿಟರ್‌ನಲ್ಲಿ ಮೂವರದ್ದೂ ಒಂದೇ ಅಂಕಿ. ಎಕೋ ಪರದೆಯಲ್ಲಿ ಮೂರೂ ಬೇರೆ ಬೇರೆ.

ಈ ನೆರವು ಹಳ್ಳಿಯ ರೋಗಿಗೂ ಬೇಕು. ಖಾನಾಪುರದಿಂದ ಬೆಳಗಾವಿ ದೂರವಿಲ್ಲ. ಆದರೆ ಆ ತಾಲ್ಲೂಕಿನ ಅಮಗಾಂವ, ಗವಾಳಿಯಂಥ ಕಾಡಿನೂರುಗಳಿಂದ ಮಳೆಗಾಲದಲ್ಲಿ ರೋಗಿಯನ್ನು ಹೊತ್ತೇ ತರಬೇಕಾಗುತ್ತದೆ. ಹಾಗೆ ಬಂದ, ಸೊಂಟದ ಮೂಳೆ ಮುರಿದ ಅಜ್ಜಿಯೊಬ್ಬರ ಮಹಾಪಧಮನಿ ಕವಾಟ ಕಿರಿದಾಗಿದೆಯೆನ್ನಿ. ಬೆನ್ನಿಗೆ ಕೊಡುವ ಅರಿವಳಿಕೆಯಿಂದ ರಕ್ತನಾಳಗಳು ಹಿಗ್ಗಿ ಬಿ.ಪಿ. ಕುಸಿದರೆ, ಇಕ್ಕಟ್ಟಾದ ಬಾಯಿಂದ ಹೆಚ್ಚು ರಕ್ತ ದೂಡಿ ಸರಿದೂಗಿಸುವುದು ಆ ಹೃದಯಕ್ಕೆ ಆಗದು. ಎದೆ ಮೇಲಿಟ್ಟ ಸಲಕರಣೆ ಕೆಲವೇ ನಿಮಿಷದಲ್ಲಿ ಈ ಸುಳಿವು ಕೊಡಬಲ್ಲದು. ಹಾಗೆಂದು ಎಕೋಗಾಗಿ ದಿನಗಟ್ಟಲೆ ಕಾಯಿಸುವುದೂ ಸಲ್ಲದು. ಮಲಗಿದಷ್ಟೂ ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ.

ಯಂತ್ರವೇ ಮಂಚದ ಬಳಿಗೆ ಬರಬೇಕು. ಆದರೆ ಎಕೋ ಯಂತ್ರವೂ ಒಂದು ಸ್ಕ್ಯಾನಿಂಗ್ ಯಂತ್ರವೇ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಿಂದಾಗಿ ಅಂಥ ಯಂತ್ರವನ್ನು ನೋಂದಣಿಯಿಲ್ಲದೆ ಇಡುವಂತಿಲ್ಲ, ಬೇಕೆಂದಲ್ಲಿಗೆ ಒಯ್ಯುವಂತಿಲ್ಲ. ಹೆಣ್ಣುಮಕ್ಕಳನ್ನು ಕಾಯುವ ಆ ನಿಯಮ ಸಡಿಲವಾಗಬಾರದು. ಅದರೊಳಗೇ ತಾಲ್ಲೂಕು ಆಸ್ಪತ್ರೆಯ ಅರಿವಳಿಕೆ ವೈದ್ಯರಿಗೆ ಒಂದು ನೋಂದಾಯಿತ ಯಂತ್ರವೂ ತರಬೇತಿಯೂ ಸಿಗಲಿ. ಕಲಿಸಲು ಬೆಳಗಾವಿಯಲ್ಲಿ 1963ರ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿದೆ, ಸರ್ಕಾರದ ವೈದ್ಯಕೀಯ ಕಾಲೇಜು ಬಿಮ್ಸ್ ಇದೆ.