ಓದು, ಮೆಲುಕು, ಮಾತು: ಮನೆಯಲ್ಲಿ ಶ್ರೀಗ್ರಂಥದೊಂದಿಗೆ ಪ್ರಾರ್ಥನೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಕಥೋಲಿಕ ಮನೆಗಳಿಗೆ ಆಶೀರ್ವಾದಕ್ಕೆಂದು ಹೋದಾಗ ನಮ್ಮ ಕಣ್ಣಿಗೆ ಸಾಮಾನ್ಯವಾಗಿ ಎರಡು ವಸ್ತುಗಳು ಬೀಳುತ್ತವೆ. ಒಂದು, ಮನೆಪೀಠದ ಪಕ್ಕದ ಮೊಳೆಯಲ್ಲಿ ತೂಗುವ, ಮಣಿಗಳು ಸವೆದು ನುಣುಪಾಗಿರುವ ಜಪಸರ. ಇನ್ನೊಂದು, ಗಾಜಿನ ಕಪಾಟಿನೊಳಗೆ, ಮದುವೆಯ ದಿನ ಉಡುಗೊರೆಯಾಗಿ ಬಂದಾಗ ಹೇಗಿತ್ತೋ ಹಾಗೆಯೇ ಉಳಿದಿರುವ ಶ್ರೀಗ್ರಂಥ. ಈ ಮಾತನ್ನು ದೂರಿನ ದನಿಯಲ್ಲಿ ಹೇಳಲು ನಮಗೆ ಮನಸ್ಸಿಲ್ಲ. ಸವೆದ ಜಪಸರವು ಆ ಮನೆಯ ಪ್ರಾರ್ಥನಾ ಜೀವನದ ಸಾಕ್ಷಿ. ಅದರಿಂದಲೇ ನಮ್ಮ ವಿಷಯವನ್ನು ಆರಂಭಿಸಬೇಕು.

ಸಂಜೆಯ ತೇರ್ಸ್ ಶ್ರೀಗ್ರಂಥದಿಂದ ಬೇರೆಯಾದ ಪ್ರಾರ್ಥನೆಯೇನೂ ಅಲ್ಲ. ನಮೋ ಮರಿಯಾ ಜಪದ ಪೂರ್ವಾರ್ಧವು ಲೂಕನ ಶುಭಸಂದೇಶದ ಮೊದಲ ಅಧ್ಯಾಯದಿಂದ ಬಂದದ್ದು: ಗಬ್ರಿಯೇಲ ದೂತನ ವಂದನೆ, ಬಳಿಕ ಎಲಿಜಬೇತಳ ವಂದನೆ. ಪ್ರಭು ಕಲಿಸಿದ ಪ್ರಾರ್ಥನೆಯನ್ನು ಮತ್ತಾಯನು ಆರನೆಯ ಅಧ್ಯಾಯದಲ್ಲಿ ದಾಖಲಿಸಿದ್ದಾನೆ. ದೇವದೂತನ ಗಂಟೆ ಬಾರಿಸಿದಾಗ ನಾವು ಹೇಳುವ ಮೂರು ವಚನಗಳು ಲೂಕ ಮತ್ತು ಯೊವಾನ್ನರ ಮೊದಲ ಅಧ್ಯಾಯಗಳನ್ನು ಆಧರಿಸಿವೆ. 1570ರಲ್ಲಿ ಸ್ಥಾಪಿತವಾಯಿತೆಂದು ಹೇಳಲಾಗುವ ಕುಂದಾಪುರದ ರೋಜರಿ ಮಾತೆಯ ಇಗರ್ಜಿಯ ಮೊದಲ ತಲೆಮಾರುಗಳ ಕೈಯಲ್ಲಿ ತಮ್ಮ ಭಾಷೆಯ ಬೈಬಲ್ ಇರಲಿಲ್ಲ. ಪೂರ್ಣ ಕನ್ನಡ ಬೈಬಲ್ ಬಳ್ಳಾರಿಯ ಲಂಡನ್ ಮಿಷನ್ನಿನವರ ಶ್ರಮದಿಂದ ಅಚ್ಚಾದದ್ದು 1831ರಲ್ಲಿ. ಅಕ್ಷರ ಬಾರದ ನಮ್ಮ ಅಜ್ಜಿಯಂದಿರಿಗೆ ಶುಭಸಂದೇಶವನ್ನು ನಾಲಿಗೆಯ ಮೇಲೆ ಉಳಿಸಿಕೊಟ್ಟದ್ದು ಈ ಜಪಗಳೇ. ಆದುದರಿಂದ ಅತ್ಯಂತ ಸರಳವಾದ ಮೊದಲ ಹೆಜ್ಜೆಗೆ ಹೊಸದೇನೂ ಬೇಕಿಲ್ಲ. ಪ್ರತಿ ರಹಸ್ಯಕ್ಕೆ ಮುನ್ನ ಮನೆಯ ಒಬ್ಬರು ಆ ಘಟನೆಯ ಎರಡು ಮೂರು ವಚನಗಳನ್ನು ಗಟ್ಟಿಯಾಗಿ ಓದಿ, ಒಂದು ಉಸಿರಿನಷ್ಟು ಕಾಲ ಸುಮ್ಮನಿದ್ದು, ಬಳಿಕ ಮಣಿ ಎಣಿಸಿದರೆ ಸಾಕು. ಓದುವ ಕೆಲಸವನ್ನು ಮಕ್ಕಳಿಗೆ ಕೊಡುವುದು ಒಳ್ಳೆಯದು. ತೇರ್ಸಿನ ವೇಳೆ ತೂಕಡಿಸುವವರು ಹೆಚ್ಚಾಗಿ ಅವರೇ.

ಇದಕ್ಕಿಂತ ಒಂದು ಹೆಜ್ಜೆ ಮುಂದಿನದು, ಧರ್ಮಸಭೆಯು 'ಲೆಕ್ಸಿಯೊ ದಿವಿನಾ' ಎಂದು ಕರೆಯುವ ದೈವಿಕ ಓದು. ಸಂತ ಬೆನೆಡಿಕ್ಟರು ತಮ್ಮ ನಿಯಮಾವಳಿಯ 48ನೆಯ ಅಧ್ಯಾಯದಲ್ಲಿ ಮಠವಾಸಿಗಳ ದಿನವನ್ನು ಕೈಕೆಲಸಕ್ಕೂ ಈ ಓದಿಗೂ ಹಂಚಿಕೊಟ್ಟರು. 12ನೆಯ ಶತಮಾನದಲ್ಲಿ ಎರಡನೆಯ ಗೀಗೊ ಎಂಬ ಕಾರ್ಥೂಸಿಯನ್ ಸನ್ಯಾಸಿಯು ಗೆಳೆಯನಿಗೆ ಬರೆದ ಪತ್ರದಲ್ಲಿ ಅದನ್ನು ನಾಲ್ಕು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದನು: ಓದು, ಮನನ, ಪ್ರಾರ್ಥನೆ, ಮೌನ ದರ್ಶನ. ಇದು ಮಠದ ಗೋಡೆಯೊಳಗಿನ ಸೊತ್ತಲ್ಲವೆಂಬುದನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ನವೆಂಬರ್ 18ರಂದು ಹೊರಡಿಸಿದ 'ದೇಯಿ ವೆರ್ಬುಮ್' ಸಂವಿಧಾನದ 25ನೆಯ ಪರಿಚ್ಛೇದವು ಸ್ಪಷ್ಟಪಡಿಸಿತು. ಶ್ರೀಗ್ರಂಥದ ಓದಿನ ಜೊತೆಗೆ ಪ್ರಾರ್ಥನೆ ಇರಬೇಕೆಂದೂ, ಅದು ಎಲ್ಲ ವಿಶ್ವಾಸಿಗಳಿಗೂ ಸಲ್ಲುವುದೆಂದೂ ಅಲ್ಲಿದೆ.

ಮನನ ಎಂಬ ಎರಡನೆಯ ಮೆಟ್ಟಿಲಿಗೆ ಹಳೆಯ ಮಠವಾಸಿಗಳು ಬಳಸಿದ ಹೋಲಿಕೆ ಮೆಲುಕು ಹಾಕುವ ಹಸುವಿನದು. ಹಟ್ಟಿಯುಳ್ಳ ಮನೆಯಲ್ಲಿ ಬೆಳೆದವರಿಗೆ ಈ ಮಾತಿಗೆ ವ್ಯಾಖ್ಯಾನ ಬೇಕಿಲ್ಲ. ಹಸು ಮೇಯುವಾಗ ಅವಸರದಲ್ಲಿರುತ್ತದೆ, ಮೆಲುಕು ಹಾಕುವಾಗ ಅಲ್ಲ. ಮೊದಲನೆಯ ಕೀರ್ತನೆಯು ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನ ಬಗ್ಗೆ ಹೇಳುವಾಗ ಬಳಸುವ ಹೀಬ್ರೂ ಕ್ರಿಯಾಪದವೂ ತುಟಿಯಲ್ಲೇ ಗುನುಗುವ ಸದ್ದನ್ನು ಸೂಚಿಸುತ್ತದೆ. ನಮ್ಮ ನಾಡಿನ ಶ್ರವಣ, ಮನನ, ನಿದಿಧ್ಯಾಸನದ ಕ್ರಮವು ಇಲ್ಲಿ ನೆನಪಾಗುವುದು ಸಹಜ. ವ್ಯತ್ಯಾಸವಿರುವುದು ಮೂರನೆಯ ಮೆಟ್ಟಿಲಿನಲ್ಲಿ: ಕ್ರೈಸ್ತನು ಮೆಲುಕು ಹಾಕಿದ ಮಾತು ಒಬ್ಬರು ಆಡಿದ ಮಾತು, ಅವರಿಗೆ ಉತ್ತರ ಕೊಡಬೇಕಾಗಿದೆ.

ಒಂದು ಉದಾಹರಣೆಯ ಮೂಲಕ ನೋಡೋಣ. ಗಂಗೊಳ್ಳಿಯ ಬಂದರಿನಲ್ಲಿ ಬೆಳಗಿನ ಜಾವ ದೋಣಿಗಳು ದಡ ಸೇರುವುದನ್ನು ಕಂಡವರು ಲೂಕನ ಐದನೆಯ ಅಧ್ಯಾಯದ ಮೊದಲ ಹನ್ನೊಂದು ವಚನಗಳನ್ನು ತೆರೆಯಲಿ. ಮೊದಲ ಬಾರಿ ಕಥೆಗಾಗಿ ಓದಬೇಕು. ಎರಡನೆಯ ಬಾರಿ ನಿಧಾನವಾಗಿ, ಎಲ್ಲಿ ಮನಸ್ಸು ತಡೆಯುತ್ತದೋ ಅಲ್ಲಿ ನಿಲ್ಲಬೇಕು. ಅನೇಕರು ಮೀನಿನ ರಾಶಿಯ ಬಳಿ ನಿಲ್ಲುತ್ತಾರೆ. ನಮ್ಮನ್ನು ತಡೆದದ್ದು ಒಂದು ಚಿಕ್ಕ ಸಂಗತಿ: ಪ್ರಭು ಬಂದಾಗ ಬೆಸ್ತರು ಬಲೆ ತೊಳೆಯುತ್ತಿದ್ದರು. ಬಲೆ ತೊಳೆಯುವುದೆಂದರೆ ಆ ದಿನದ ಕೆಲಸ ಮುಗಿಯಿತೆಂದು ಅರ್ಥ. ಸಿಕ್ಕಿದ್ದು ಸಿಕ್ಕಿತು, ಸಿಗದ್ದು ಸಿಗಲಿಲ್ಲ. ಅಂಥ ಹೊತ್ತಿನಲ್ಲಿ ಯೇಸು ಸಿಮೋನನ ದೋಣಿಯನ್ನು ಕೇಳುತ್ತಾರೆ, ತೊಳೆದ ಬಲೆಯನ್ನು ಮತ್ತೆ ನೀರಿಗಿಳಿಸಲು ಹೇಳುತ್ತಾರೆ. ಹೇಳುವವರು ನಜರೇತಿನ ಬಡಗಿ, ಕೇಳುವವನು ಆ ಸರೋವರದಲ್ಲೇ ಬೆಳೆದ ಬೆಸ್ತ. ಇಲ್ಲಿಂದ ಮಾತು ಆರಂಭವಾಗುತ್ತದೆ. 'ಪ್ರಭುವೇ, ನಾನು ತೊಳೆದು ಮಡಚಿಟ್ಟ ಬಲೆ ಯಾವುದು?' ಅದು ಮಾತು ಬಿಟ್ಟ ಅಣ್ಣನಿರಬಹುದು, ಸಾಲದ ಕಾಗದವಿರಬಹುದು, ಕುಡಿತ ಬಿಡುವ ಹತ್ತನೆಯ ಪ್ರಯತ್ನವಿರಬಹುದು. ಸಿಮೋನನು ತನ್ನ ರಾತ್ರಿಯ ನಿಷ್ಫಲ ದುಡಿಮೆಯನ್ನು ಮರೆಮಾಡದೆ ಹೇಳಿದನೆಂಬುದನ್ನು ಗಮನಿಸಬೇಕು. ನಾವೂ ಹಾಗೆಯೇ ಹೇಳಬಹುದು. ಬಳಿಕ ಐದು ನಿಮಿಷ ಏನೂ ಹೇಳದೆ ಕುಳಿತಿರುವುದು. ನಾಲ್ಕನೆಯ ಮೆಟ್ಟಿಲೆಂದರೆ ಇಷ್ಟೇ; ದರ್ಶನ ಎಂಬ ಪದಕ್ಕೆ ಹೆದರಬೇಕಾಗಿಲ್ಲ. 2010ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು 'ವೆರ್ಬುಮ್ ದೋಮಿನಿ' ಪತ್ರದಲ್ಲಿ, ಈ ಓದು ಕ್ರಿಯೆಯನ್ನು ಮುಟ್ಟುವವರೆಗೆ ಪೂರ್ಣವಾಗುವುದಿಲ್ಲವೆಂದು ಸೇರಿಸಿದರು. ಅಣ್ಣನಿಗೆ ಫೋನ್ ಮಾಡುವುದು ಆ ಕ್ರಿಯೆ.

ಎಲ್ಲ ದಿನಗಳಲ್ಲಿಯೂ ಇಷ್ಟು ಸಮಾಧಾನ ಇರುವುದಿಲ್ಲ. ರೋಗಿಯ ಹಾಸಿಗೆಯ ಪಕ್ಕದಲ್ಲಿ ರಾತ್ರಿ ಕಳೆಯುವವರಿಗೆ ಮನನ ಮಾಡಲು ಹೇಳುವುದು ಕ್ರೌರ್ಯವಾದೀತು. ಅವರಿಗೆ ಕೀರ್ತನೆಗಳಿವೆ. 13ನೆಯ ಕೀರ್ತನೆಯು ಮೊದಲ ಎರಡು ವಚನಗಳಲ್ಲಿಯೇ ನಾಲ್ಕು ಬಾರಿ ದೇವರನ್ನು 'ಎಷ್ಟರವರೆಗೆ' ಎಂದು ಕೇಳುತ್ತದೆ. 88ನೆಯದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ದೇವರ ಮುಂದೆ ದೂರು ಹೇಳುವುದು ಅವಿಶ್ವಾಸವೆಂದು ನಮ್ಮ ಜನರು ತಿಳಿದಿರುವುದನ್ನು ಪಾಪನಿವೇದನೆಯ ಪೀಠದಲ್ಲಿ ನಾವು ಪದೇ ಪದೇ ಕೇಳುತ್ತೇವೆ. ದೇವರೇ ತನ್ನ ಗ್ರಂಥದಲ್ಲಿ ಆ ದೂರಿಗೆ ಎಡೆ ಕೊಟ್ಟಿರುವಾಗ ನಾವೇಕೆ ಅದನ್ನು ನುಂಗಿಕೊಳ್ಳಬೇಕು? 1889ರಲ್ಲಿ ಬಿಷಪ್ ದೀಕ್ಷೆ ಪಡೆದ ಅಲ್ವಾರೆಸ್ ಮಾರ್ ಜೂಲಿಯಸ್ ಅವರ ಕಾಲದಿಂದ ಬ್ರಹ್ಮಾವರದಲ್ಲಿ ನೆಲೆಸಿರುವ ಆರ್ಥೊಡಾಕ್ಸ್ ಸಹೋದರರ ಸಿರಿಯನ್ ಪರಂಪರೆಯಿಂದಲೂ ಇಲ್ಲಿ ಕಲಿಯಲಿಕ್ಕಿದೆ: ಅದರ ನಿತ್ಯಪ್ರಾರ್ಥನೆಗಳಲ್ಲಿ 51ನೆಯ ಕೀರ್ತನೆಗೆ ಖಾಯಂ ಸ್ಥಾನವಿದೆ. ಮನಸ್ಸು ಬರಡಾದ ದಿನವೂ ಬಾಯಿಗೆ ಮಾತು ಸಿಗುವುದು ಹೀಗೆ ಒಂದೇ ಕೀರ್ತನೆಯನ್ನು ನಿತ್ಯ ಹೇಳುವುದರಿಂದ.

ಒಂದು ಅಭ್ಯಾಸದ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳು ಬಿದ್ದ ವಚನವನ್ನು ಮದುವೆಯ ಅಥವಾ ವೀಸಾದ ವಿಷಯದಲ್ಲಿ ದೇವರ ಉತ್ತರವೆಂದು ತಿಳಿಯುವುದು ಪ್ರಾರ್ಥನೆಯಲ್ಲ, ಗಿಣಿಶಾಸ್ತ್ರ. ಅಂದಿನ ಬಲಿಪೂಜೆಯ ಶುಭಸಂದೇಶವನ್ನೇ ಓದುವುದು ಸುರಕ್ಷಿತ. ನಮ್ಮ ಇಷ್ಟದ ಭಾಗಗಳಿಗೇ ಮರಳಿ ಮರಳಿ ಹೋಗುವ ಚಪಲವನ್ನು ಅದು ತಡೆಯುತ್ತದೆ. ದೈವಶಾಸ್ತ್ರ ಬೋಧಿಸುವ ನಮಗೂ ಬೇರೊಂದು ಎಚ್ಚರಿಕೆ ಬೇಕು. ಎಷ್ಟೋ ವರ್ಷ ನಾವು ಶ್ರೀಗ್ರಂಥವನ್ನು ತೆರೆದದ್ದು ತರಗತಿಗಾಗಿ ಅಥವಾ ಪ್ರಬೋಧನೆಗಾಗಿ ಮಾತ್ರ. ಅಡುಗೆ ಮಾಡಿ ಬಡಿಸಿ ತಾನು ಉಣ್ಣಲು ಮರೆತವನ ಸ್ಥಿತಿ ನಮ್ಮದಾಗಿತ್ತು.

ಯಾವ ಭಾಷೆಯಲ್ಲಿ ಓದಬೇಕೆಂಬ ಪ್ರಶ್ನೆಯನ್ನು ನಮ್ಮಲ್ಲಿ ಬಹಳ ಮಂದಿ ಕೇಳುತ್ತಾರೆ. ಮನೆಮಾತು ಕೊಂಕಣಿ, ಪೇಟೆಯ ಮಾತು ಕುಂದಗನ್ನಡ, ಮಕ್ಕಳ ಶಾಲೆ ಇಂಗ್ಲಿಷ್. ಕನ್ನಡ ಲಿಪಿಯ ಕೊಂಕಣಿ ಬೈಬಲ್ ಇದೆ, ಕನ್ನಡದ್ದೂ ಇದೆ. ಯಾವ ಭಾಷೆಯಲ್ಲಿ ಜಗಳವಾಡುತ್ತೀರೋ ಆ ಭಾಷೆಯಲ್ಲಿ ಪ್ರಾರ್ಥಿಸಿರಿ ಎಂಬುದು ನಮ್ಮ ಉತ್ತರ. ಓದು ಬೇರೆ ಭಾಷೆಯಲ್ಲಿದ್ದರೂ ಅಡ್ಡಿಯಿಲ್ಲ.

ಬೈಂದೂರು ಕಡೆಯ ಒಬ್ಬ ತಾಯಿಗೆ ಕಣ್ಣು ಮಂಜಾಗಿದೆ, ಮಗ ಕೊಲ್ಲಿಯಲ್ಲಿದ್ದಾನೆ. ಪ್ರತಿ ರಾತ್ರಿ ಊಟ, ಮಳೆ, ಮೊಣಕಾಲು ನೋವಿನ ಮಾತು ಮುಗಿದ ಮೇಲೆ ಅವನು ಫೋನಿನಲ್ಲಿ ಮರುದಿನದ ಶುಭಸಂದೇಶವನ್ನು ಓದಿ ಹೇಳುತ್ತಾನೆ. ಅವರು ಅದರಿಂದ ಒಂದು ಮಾತನ್ನು ಹಿಡಿದುಕೊಳ್ಳುತ್ತಾರೆ; ಮರುದಿನ ಬೆಳಗ್ಗೆ ಒಲೆಗೆ ಬೆಂಕಿ ಹಚ್ಚುವಾಗ, ಬಾವಿಯಿಂದ ನೀರು ಸೇದುವಾಗ ಅದನ್ನೇ ಗುನುಗುತ್ತಾರೆ. ರಾತ್ರಿ ಮಗ ಮೊದಲು ಕೇಳುವುದು, ಅಂದಿನ ಮಾತು ಯಾವುದಾಗಿತ್ತು ಎಂದು.