ಲಾ ರಿಂಕೊನಾಡಾ: ಮೋಡದಾಚೆಯ ಚಿನ್ನದೂರು

ಪೆರು ದೇಶ, ಆಂಡೀಸ್ ಪರ್ವತ, ಸಮುದ್ರಮಟ್ಟದಿಂದ ಸುಮಾರು 5,100 ಮೀಟರ್ ಮೇಲೆ ಲಾ ರಿಂಕೊನಾಡಾ. ಜನ ವರ್ಷವಿಡೀ ನೆಲೆಸಿರುವ ಊರುಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದು. ಇಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದ ಅರ್ಧದಷ್ಟು.

ಇಂಕಾಗಳ ಕಾಲದಿಂದಲೂ ಈ ಭಾಗದಲ್ಲಿ ಚಿನ್ನ ತೆಗೆದಿದ್ದಾರೆ. ಆದರೆ 2000ದ ನಂತರ ಚಿನ್ನದ ಬೆಲೆ ಏರಿದ್ದೇ ತಡ, ಗಣಿ ಬಿಡಾರ ಹೋಗಿ ತಗಡಿನ ಪಟ್ಟಣವೇ ಎದ್ದಿತು. ಹತ್ತಾರು ಸಾವಿರ ಜನ, ಒಳಚರಂಡಿ ಮಾತ್ರ ಇಲ್ಲ.

ಕೂಲಿಯ ಲೆಕ್ಕ ಕೇಳಿ. ಹೆಸರು ‘ಕಚೊರ್ರೆಯೊ’. ಹೆಚ್ಚುಕಡಿಮೆ ತಿಂಗಳಿಡೀ ಸಂಬಳವಿಲ್ಲದ ದುಡಿತ. ಕೊನೆಗೆ ಒಂದೆರಡು ದಿನ ಅಗೆದು ಹೊತ್ತಷ್ಟು ಕಲ್ಲು ಕೆಲಸಗಾರನಿಗೆ. ಅದರಲ್ಲಿ ಚಿನ್ನ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನನ್ನು ಕೇಳಿದರೆ ಇದು ಕೂಲಿಯಲ್ಲ, ಲಾಟರಿ.

ಹೆಂಗಸರು ಸುರಂಗಕ್ಕಿಳಿದರೆ ಅಪಶಕುನವಂತೆ! ಹಾಗಾಗಿ ‘ಪಯಾಕೆರಾ’ ಎಂದು ಕರೆಯುವ ಹೆಂಗಸರು ಹೊರಗೆ ಸುರಿದ ಕಲ್ಲುರಾಶಿಯ ಮೇಲೆ ಕೂತು, ಸುತ್ತಿಗೆಯಲ್ಲಿ ಒಡೆದೊಡೆದು ಹೊಳೆಯುವ ಚೂರು ಹುಡುಕುತ್ತಾರೆ. ಕಲ್ಲನ್ನು ಅರೆದು ಪಾದರಸ ಬೆರೆಸಿದರೆ ಚಿನ್ನ ಅದಕ್ಕೆ ಅಂಟಿ ಉಂಡೆಯಾಗುತ್ತದೆ. ಉಂಡೆಯನ್ನು ಬೆಂಕಿಗೆ ಹಿಡಿದರೆ ಚಿನ್ನ ಉಳಿದು ಪಾದರಸ ಹಬೆಯಾಗುತ್ತದೆ. ಆ ಹಬೆಯಲ್ಲಿ ಒಂದಷ್ಟು ಅಲ್ಲೇ ಉಳಿಯುತ್ತದೆ: ಕಾಯಿಸುವವರ ಶ್ವಾಸಕೋಶಕ್ಕೆ, ಊರಿನ ಮಾಡುಗಳಿಗೆ, ಸುತ್ತಲಿನ ಹಿಮಕ್ಕೆ ಇಳಿಯುತ್ತದೆ. ಆ ಹಿಮ ಕರಗಿದ ನೀರನ್ನೇ ಊರವರು ಬಳಸುತ್ತಾರೆ.